ವಾಯುಗಾಮಿ ಕಣ ಸಂಗ್ರಾಹಕಗಳ ಪರೀಕ್ಷೆ

ವಾಯುಗಾಮಿ ಕಣ ಸಂಗ್ರಾಹಕಗಳ ಪರೀಕ್ಷೆ ಎಂದರೆ ಗಾಳಿಯಲ್ಲಿ ತೇಲುವ ಧೂಳು, ಹೊಗೆ, ಪರಾಗ ಮತ್ತು ಶಿಲೀಂಧ್ರಗಳ ಬೀಜಾಣುಗಳನ್ನು ಹಿಡಿಯುವ ಅಥವಾ ಎಣಿಸುವ ಉಪಕರಣಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ಗೊತ್ತಾದ ಮಾನಕದೊಂದಿಗೆ ಹೋಲಿಸಿ ನಿರ್ಧರಿಸುವ ಕ್ರಮ. ಉಪಕರಣವು ಎಷ್ಟು ಗಾಳಿಯನ್ನು ಎಳೆಯಿತು, ಆ ಗಾಳಿಯಲ್ಲಿದ್ದ ಕಣಗಳಲ್ಲಿ ಎಷ್ಟನ್ನು ಹಿಡಿಯಿತು, ಹಿಡಿದುದನ್ನು ಎಷ್ಟು ನಿಖರವಾಗಿ ತೂಗಲಾಯಿತು ಅಥವಾ ಎಣಿಸಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಈ ಪರೀಕ್ಷೆ ಉತ್ತರ ನೀಡುತ್ತದೆ. ಇವುಗಳಲ್ಲಿ ಯಾವುದೇ ಒಂದು ತಪ್ಪಿದರೂ ಅಂತಿಮ ಸಂಖ್ಯೆ ತಪ್ಪಾಗುತ್ತದೆ. ಆದರೆ ಆ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ತಪ್ಪು ಗೋಚರಿಸುವುದಿಲ್ಲ.

ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಂತಹ ಹೆಚ್ಚು ಮಳೆಯ, ಸದಾ ತೇವಾಂಶವಿರುವ ಮಲೆನಾಡಿನ ಪ್ರದೇಶಗಳಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಇಲ್ಲಿನ ಮುಖ್ಯ ಬೆಳೆಗಳಾದ ಅಡಿಕೆ ಮತ್ತು ಕಾಫಿಯನ್ನು ಬಾಧಿಸುವ ಹಲವು ರೋಗಗಳು ಗಾಳಿ ಮತ್ತು ಮಳೆಹನಿಗಳ ಮೂಲಕ ಹರಡುತ್ತವೆ. ಒಣ ಹವೆಗೆಂದು ರೂಪಿಸಿದ ಅನೇಕ ಉಪಕರಣಗಳು ಮಂಜು ಮತ್ತು ಮಳೆಯಲ್ಲಿ ದಾರಿ ತಪ್ಪಿಸುವ ಅಂಕಿಗಳನ್ನು ಕೊಡುತ್ತವೆ.

## ಇತಿಹಾಸ

ಗಾಳಿಯಲ್ಲಿನ ಕಣಗಳನ್ನು ಕ್ರಮಬದ್ಧವಾಗಿ ಹಿಡಿದು ನೋಡುವ ಪ್ರಯತ್ನ ಭಾರತದಲ್ಲಿ 19ನೆಯ ಶತಮಾನದಲ್ಲೇ ನಡೆಯಿತು. ಕಲ್ಕತ್ತದಲ್ಲಿ ಡಿ. ಡಿ. ಕನಿಂಗ್‌ಹ್ಯಾಮ್ ಅವರು ಅಂಟು ಲೇಪಿಸಿದ ಗಾಜಿನ ಮೇಲೆ ಗಾಳಿಯ ಕಣಗಳನ್ನು ಸಂಗ್ರಹಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು 1873ರಲ್ಲಿ ಪ್ರಕಟಿಸಿದರು. 1880ರ ದಶಕದ ಆರಂಭದಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗವನ್ನು ಅಧ್ಯಯನ ಮಾಡಿದ ಹ್ಯಾರಿ ಮಾರ್ಷಲ್ ವಾರ್ಡ್ ಅವರು ಗಾಜಿನ ಪಟ್ಟಿಗಳನ್ನು ತೋಟಗಳಲ್ಲಿ ತೂಗುಹಾಕಿ, ರೋಗಕಾರಕ ಶಿಲೀಂಧ್ರದ ಬೀಜಾಣುಗಳು ಗಾಳಿಯಲ್ಲಿ ಸಾಗುತ್ತವೆ ಎಂದು ತೋರಿಸಿದರು. ಇಂತಹ ಪಟ್ಟಿಗಳು ಬೀಜಾಣುಗಳಿದ್ದವು ಎಂದು ಹೇಳುತ್ತಿದ್ದವೇ ಹೊರತು, ಎಷ್ಟು ಗಾಳಿಯಲ್ಲಿ ಎಷ್ಟಿದ್ದವು ಎಂದು ಹೇಳುತ್ತಿರಲಿಲ್ಲ.

ಕಣಗಳ ಎಣಿಕೆಯ ಅಗತ್ಯ ಗಣಿಗಳಲ್ಲಿಯೂ ಎದುರಾಯಿತು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳನ್ನು ಅಳೆಯಲು ದಕ್ಷಿಣ ಆಫ್ರಿಕಾದ ರಾಬರ್ಟ್ ಕೋಟ್ಸೆ ಅವರು 1916ರಲ್ಲಿ ಕೋನಿಮೀಟರ್ ಎಂಬ ಉಪಕರಣವನ್ನು ರೂಪಿಸಿದರು. ಭಾರತದಲ್ಲಿ ಸಿಲಿಕೋಸಿಸ್ ರೋಗವು ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳಿಂದ 1934ರಲ್ಲಿ ವರದಿಯಾಯಿತು.

ಗಾಳಿಯ ಪರಿಮಾಣವನ್ನು ಲೆಕ್ಕವಿಟ್ಟು, ದಿನರಾತ್ರಿ ತಾನಾಗಿಯೇ ನಡೆಯುವ ಬೀಜಾಣು ಸಂಗ್ರಾಹಕವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೆ. ಎಂ. ಹರ್ಸ್ಟ್ ಅವರು 1952ರಲ್ಲಿ ಪ್ರಕಟಿಸಿದರು. ಉಪಕರಣವನ್ನು ತೋಟದಲ್ಲಿ ನಿಲ್ಲಿಸುವ ಮೊದಲು ಅದನ್ನು ಗಾಳಿ ಸುರಂಗದಲ್ಲಿಟ್ಟು, ಬೇರೆ ಬೇರೆ ಗಾಳಿಯ ವೇಗಗಳಲ್ಲಿ ಲೈಕೋಪೋಡಿಯಂ ಬೀಜಾಣುಗಳನ್ನು ಹಾಯಿಸಿ, ಎಷ್ಟನ್ನು ಹಿಡಿಯುತ್ತದೆ ಎಂದು ಅವರು ಪರೀಕ್ಷಿಸಿದ್ದರು. ಇಂದಿಗೂ ಬೀಜಾಣು ಸಂಗ್ರಾಹಕಗಳ ಪರೀಕ್ಷೆಗೆ ಈ ಕ್ರಮವೇ ಮಾದರಿ. ಆ್ಯಂಡರ್ಸನ್ ಸಂಗ್ರಾಹಕ 1958ರಲ್ಲಿ ಬಂದಿತು. ಅದು ಪ್ರತಿ ಹಂತದಲ್ಲಿ 400 ರಂಧ್ರಗಳಿರುವ ಆರು ಹಂತಗಳ ಮೂಲಕ ನಿಮಿಷಕ್ಕೆ 28.3 ಲೀಟರ್ ಗಾಳಿಯನ್ನು ಹಾಯಿಸಿ, ಜೀವಂತ ಸೂಕ್ಷ್ಮಜೀವಿಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸುತ್ತದೆ.

## ಮಲೆನಾಡಿನ ಹಿನ್ನೆಲೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಪಶ್ಚಿಮಘಟ್ಟದ ಪೂರ್ವದ ಇಳಿಜಾರಿನಲ್ಲಿ, ತುಂಗಾ ಮತ್ತು ಭದ್ರಾ ನದಿಗಳ ಜಲಾನಯನ ಪ್ರದೇಶದಲ್ಲಿವೆ. ಶೃಂಗೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೂರ್ವಕ್ಕೆ ಸರಿದಂತೆ ಮಳೆಯ ಪ್ರಮಾಣ ಕಡಿಮೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಸಾಪೇಕ್ಷ ಆರ್ದ್ರತೆ ಹಲವು ದಿನಗಳ ಕಾಲ ಸಂತೃಪ್ತ ಸ್ಥಿತಿಯ ಸಮೀಪದಲ್ಲೇ ಇರುತ್ತದೆ.

ಸಸ್ಯರೋಗಗಳ ವೈಜ್ಞಾನಿಕ ಅಧ್ಯಯನಕ್ಕೆ ಈ ಪ್ರದೇಶದಲ್ಲಿ ದೀರ್ಘ ಇತಿಹಾಸವಿದೆ. ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ 1908ರಲ್ಲಿ ಬಂದ ಲೆಸ್ಲಿ ಸಿ. ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಕುರಿತ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಕಾಫಿಯ ಎಲೆ ರೋಗಗಳಿಂದ ಉಂಟಾದ ಹಾನಿಯ ಕಾರಣ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಾಯೋಗಿಕ ಕೇಂದ್ರ ಸ್ಥಾಪನೆಯಾಯಿತು. ಕಾಫಿ ಮಂಡಳಿಯ ಅಧೀನಕ್ಕೆ ಬಂದ ಈ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲೆ ತುಕ್ಕು ಶಿಲೀಂಧ್ರದಲ್ಲಿ ಬೇರೆ ಬೇರೆ ತಳಿಗಳಿವೆ ಎಂಬುದನ್ನು ಡಬ್ಲ್ಯೂ. ಡಬ್ಲ್ಯೂ. ಮೇನ್ ಅವರು ಈ ಕೇಂದ್ರದಲ್ಲಿ 1930ರ ದಶಕದಲ್ಲಿ ಗುರುತಿಸಿದರು.

### ಗಾಳಿಯಲ್ಲಿ ಹಿಡಿಯಬೇಕಾದ ಕಣಗಳು

ಪರೀಕ್ಷೆಯನ್ನು ರೂಪಿಸುವ ಮೊದಲು, ಹಿಡಿಯಬೇಕಾದ ಕಣ ಯಾವುದು ಮತ್ತು ಅದು ಹೇಗೆ ಸಾಗುತ್ತದೆ ಎಂಬುದು ಸ್ಪಷ್ಟವಾಗಬೇಕು.

* ಕಾಫಿ ಎಲೆ ತುಕ್ಕು: ಹೆಮಿಲಿಯ ವ್ಯಾಸ್ಟಾಟ್ರಿಕ್ಸ್ ಶಿಲೀಂಧ್ರದ ಬೀಜಾಣುಗಳು ಸುಮಾರು 25ರಿಂದ 40 ಮೈಕ್ರೋಮೀಟರ್ ಉದ್ದವಿರುತ್ತವೆ. ಗಾಳಿಯಲ್ಲಿಯೂ ಮಳೆಹನಿಯ ಸಿಡಿತದಿಂದಲೂ ಇವು ಹರಡುತ್ತವೆ.
* ಅಡಿಕೆಯ ಕೊಳೆರೋಗ: ಫೈಟಾಫ್ತೋರ ಕುಲದ ಜೀವಿಯ ಬೀಜಾಣುಕೋಶಗಳು ಮುಖ್ಯವಾಗಿ ಮಳೆಹನಿಯ ಸಿಡಿತ ಮತ್ತು ಮಳೆಯೊಂದಿಗೆ ಬೀಸುವ ಗಾಳಿಯ ಮೂಲಕ ಗೊನೆಯಿಂದ ಗೊನೆಗೆ ದಾಟುತ್ತವೆ. ಒಣ ಗಾಳಿಗೆಂದು ಮಾಡಿದ ಸಂಗ್ರಾಹಕವು ಇವುಗಳ ಒಂದು ಭಾಗವನ್ನು ಮಾತ್ರ ಹಿಡಿಯಬಲ್ಲದು.
* ಅಡಿಕೆಯ ಎಲೆಚುಕ್ಕಿ ರೋಗ: ಇದಕ್ಕೆ ಸಂಬಂಧಿಸಿದ ಕೊಲೆಟೋಟ್ರೈಕಂ ಶಿಲೀಂಧ್ರದ ಬೀಜಾಣುಗಳು ಲೋಳೆಯಲ್ಲಿ ಅಂಟಿಕೊಂಡಿರುತ್ತವೆ. ನೀರು ಬಿದ್ದಾಗ ಅವು ಬಿಡಿಯಾಗಿ ಹನಿಗಳೊಂದಿಗೆ ಚದುರುತ್ತವೆ.
* ಹೊಗೆ: ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆ ಮತ್ತು ಅಡುಗೆಮನೆಯ ಸೌದೆ ಒಲೆಗಳ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತ ಚಿಕ್ಕವು.
* ಧೂಳು: ಮಣ್ಣಿನ ರಸ್ತೆ, ಕಲ್ಲುಕ್ವಾರಿ ಮತ್ತು ಕಾಫಿ ಹದಗೊಳಿಸುವ ಘಟಕಗಳ ಧೂಳಿನಲ್ಲಿ ದೊಡ್ಡ ಕಣಗಳ ಪಾಲು ಹೆಚ್ಚು.

ಈ ಮೂರೂ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ದೊಡ್ಡ ನಷ್ಟ ತಂದಿರುವ ಹಳದಿ ಎಲೆ ರೋಗವು ಫೈಟೊಪ್ಲಾಸ್ಮದಿಂದ ಬರುವಂಥದು. ಅದನ್ನು ಕೀಟ ಹರಡುತ್ತದೆ. ಆದ್ದರಿಂದ ಬೀಜಾಣು ಸಂಗ್ರಾಹಕ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಆ ರೋಗದ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಕಣದ ಗಾತ್ರ ಬದಲಾದಂತೆ ಅದರ ನಡೆಯೂ ಬದಲಾಗುತ್ತದೆ. ನೀರಿನಷ್ಟೇ ಸಾಂದ್ರತೆಯ 30 ಮೈಕ್ರೋಮೀಟರ್ ಕಣವು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 2.7 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. 2.5 ಮೈಕ್ರೋಮೀಟರ್ ಕಣದ ಇಳಿತ ಸೆಕೆಂಡಿಗೆ ಸುಮಾರು 0.02 ಸೆಂಟಿಮೀಟರ್ ಮಾತ್ರ. ಹೀಗಾಗಿ ಹೊಗೆಯ ಕಣಗಳಿಂದ ಪರೀಕ್ಷಿಸಿ ಉತ್ತೀರ್ಣವಾದ ಉಪಕರಣವು ತುಕ್ಕು ರೋಗದ ಬೀಜಾಣುಗಳನ್ನೂ ಅಷ್ಟೇ ಸಮರ್ಥವಾಗಿ ಹಿಡಿಯುತ್ತದೆ ಎಂದು ಭಾವಿಸಲಾಗದು.

## ಉಪಕರಣಗಳ ವಿಧಗಳು

### ಬೀಜಾಣು ಸಂಗ್ರಾಹಕಗಳು

ಹರ್ಸ್ಟ್ ಮಾದರಿಯ ಸಂಗ್ರಾಹಕವು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು 14 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಸೀಳಿನ ಮೂಲಕ ಎಳೆಯುತ್ತದೆ. ಒಳಗಿನ ಉರುಳೆಗೆ ಸುತ್ತಿದ ಅಂಟು ಪಟ್ಟಿಯು ಗಂಟೆಗೆ 2 ಮಿ.ಮೀ. ಸರಿಯುತ್ತದೆ. ಒಂದು ದಿನದ ಸಂಗ್ರಹ 48 ಮಿ.ಮೀ. ಉದ್ದಕ್ಕೂ, ಒಂದು ವಾರದ್ದು 336 ಮಿ.ಮೀ. ಉದ್ದಕ್ಕೂ ಹರಡಿರುತ್ತದೆ. ಗಾಳಿ ಬೀಸುವ ದಿಕ್ಕಿಗೆ ಸೀಳು ಮುಖ ಮಾಡುವಂತೆ ಹಿಂಭಾಗದಲ್ಲಿ ಬಾಲದ ಹಲಗೆಯಿರುತ್ತದೆ.

ತಿರುಗುವ ಕಡ್ಡಿಗಳ ಸಂಗ್ರಾಹಕದಲ್ಲಿ ಪಂಪು ಇರುವುದಿಲ್ಲ. ಅಂಟು ಲೇಪಿಸಿದ ಎರಡು ಕಡ್ಡಿಗಳು ವೇಗವಾಗಿ ಸುತ್ತುತ್ತ, ಎದುರಾದ ಕಣಗಳನ್ನು ಹಿಡಿಯುತ್ತವೆ.

### ಶೋಧಕದಲ್ಲಿ ಹಿಡಿದು ತೂಗುವ ಉಪಕರಣಗಳು

ಪಿಎಂ 10 ಮತ್ತು ಪಿಎಂ 2.5 ಅಳೆಯುವ ಸಂಗ್ರಾಹಕಗಳು ದೊಡ್ಡ ಕಣಗಳನ್ನು ಪ್ರವೇಶದ್ವಾರದಲ್ಲೇ ಬೇರ್ಪಡಿಸಿ, ಉಳಿದವನ್ನು ಶೋಧಕದ ಮೇಲೆ ಹಿಡಿಯುತ್ತವೆ. ಪಿಎಂ 2.5 ಸಂಗ್ರಾಹಕದ ಸಾಮಾನ್ಯ ಹರಿವು ನಿಮಿಷಕ್ಕೆ 16.67 ಲೀಟರ್, ಅಂದರೆ ಗಂಟೆಗೆ ಒಂದು ಘನ ಮೀಟರ್. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉಸಿರಾಟಯೋಗ್ಯ ಧೂಳು ಸಂಗ್ರಾಹಕವು ನಿಮಿಷಕ್ಕೆ ಸುಮಾರು ಒಂದು ಘನ ಮೀಟರ್ ಗಾಳಿಯನ್ನು ಎಳೆಯುತ್ತದೆ.

### ನೇರ ಓದುವ ಉಪಕರಣಗಳು

ಬೀಟಾ ಕಿರಣಗಳ ಕ್ಷೀಣತೆಯಿಂದ ಧೂಳಿನ ರಾಶಿಯನ್ನು ಅಂದಾಜಿಸುವ ಯಂತ್ರಗಳು, ಲೇಸರ್ ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಎಣಿಸುವ ಯಂತ್ರಗಳು ಹಾಗೂ ಅದೇ ತತ್ತ್ವದ ಅಗ್ಗದ ಸಂವೇದಕಗಳು ಈ ಗುಂಪಿಗೆ ಸೇರುತ್ತವೆ. ಇವು ಗಂಟೆಗೊಮ್ಮೆ ಅಥವಾ ನಿಮಿಷಕ್ಕೊಮ್ಮೆ ಅಂಕಿ ನೀಡುತ್ತವೆ.

## ಪರೀಕ್ಷೆಯ ಹಂತಗಳು

### ಸೋರಿಕೆ ಪರೀಕ್ಷೆ

ಪ್ರವೇಶದ್ವಾರವನ್ನು ಮುಚ್ಚಿ ಪಂಪನ್ನು ನಡೆಸಿದಾಗ ಹರಿವು ಶೂನ್ಯದ ಸಮೀಪಕ್ಕೆ ಇಳಿಯಬೇಕು. ಇಳಿಯದಿದ್ದರೆ ಗಾಳಿ ಬೇರೆ ದಾರಿಯಿಂದ ಒಳಬರುತ್ತಿದೆ ಎಂದರ್ಥ. ಒಣಗಿ ಬಿರುಕು ಬಿಟ್ಟ ರಬ್ಬರ್ ಉಂಗುರ, ಸರಿಯಾಗಿ ಕೂರದ ಶೋಧಕ ಮತ್ತು ಸಡಿಲ ಕೊಳವೆ ಇದಕ್ಕೆ ಸಾಮಾನ್ಯ ಕಾರಣಗಳು. ಸೋರಿಕೆಯನ್ನು ಸರಿಪಡಿಸದೆ ಹರಿವನ್ನು ಅಳೆಯುವುದು ವ್ಯರ್ಥ. ಆದ್ದರಿಂದ ಈ ಪರೀಕ್ಷೆಯೇ ಮೊದಲು ನಡೆಯುತ್ತದೆ.

### ಹರಿವಿನ ಪರೀಕ್ಷೆ

ಸಾಂದ್ರತೆಯನ್ನು ಕಂಡುಹಿಡಿಯಲು ಹಿಡಿದ ಕಣಗಳ ಸಂಖ್ಯೆಯನ್ನು ಅಥವಾ ತೂಕವನ್ನು ಎಳೆದ ಗಾಳಿಯ ಪರಿಮಾಣದಿಂದ ಭಾಗಿಸಲಾಗುತ್ತದೆ. ಹರ್ಸ್ಟ್ ಮಾದರಿಯ ಸಂಗ್ರಾಹಕ ನಿಮಿಷಕ್ಕೆ 10 ಲೀಟರಿನಂತೆ ದಿನಕ್ಕೆ 14.4 ಘನ ಮೀಟರ್ ಗಾಳಿಯನ್ನು ಎಳೆಯಬೇಕು. ದಿನದ ಪಟ್ಟಿಯಲ್ಲಿ ಒಟ್ಟು 288 ಬೀಜಾಣುಗಳಿದ್ದರೆ ಸಾಂದ್ರತೆ ಘನ ಮೀಟರಿಗೆ 20 ಎಂದಾಗುತ್ತದೆ. ಪಂಪು ಸವೆದು ಹರಿವು ನಿಮಿಷಕ್ಕೆ 8 ಲೀಟರಿಗೆ ಇಳಿದಿದ್ದರೆ, ನಿಜವಾಗಿ ಒಳಬಂದ ಗಾಳಿ 11.52 ಘನ ಮೀಟರ್ ಮಾತ್ರ. ಆಗ ನಿಜವಾದ ಸಾಂದ್ರತೆ ಘನ ಮೀಟರಿಗೆ 25. ಹರಿವನ್ನು ಅಳೆಯದೆ 20 ಎಂದು ಬರೆದರೆ ಅಪಾಯವನ್ನು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ತೋರಿಸಿದಂತಾಗುತ್ತದೆ.

ಹರಿವನ್ನು ಅಳೆಯಲು ಸಾಬೂನು ಗುಳ್ಳೆಯ ಮಾಪಕ, ರಂಧ್ರ ಫಲಕ ಅಥವಾ ವಿದ್ಯುನ್ಮಾನ ಹರಿವು ಮಾಪಕವನ್ನು ಬಳಸಲಾಗುತ್ತದೆ. ಈ ಮಾಪಕವು ಮೇಲಿನ ಹಂತದ ಮಾನಕದೊಂದಿಗೆ ಹೋಲಿಕೆಯಾಗಿ ಪ್ರಮಾಣಪತ್ರ ಪಡೆದಿರಬೇಕು. ಮಾಪಕವನ್ನು ಸೀಳಿಗೆ ಜೋಡಿಸಿದಾಗ ಅದರ ಪ್ರತಿರೋಧದಿಂದಲೇ ಹರಿವು ತಗ್ಗುವುದುಂಟು. ಹರ್ಸ್ಟ್ ಮಾದರಿಯ ಸಂಗ್ರಾಹಕದ ಪಂಪು ದುರ್ಬಲವಾದುದರಿಂದ ಪ್ರತಿರೋಧ ಕಡಿಮೆಯಿರುವ ಮಾಪಕವನ್ನೇ ಆರಿಸಬೇಕಾಗುತ್ತದೆ. ಪಿಎಂ 2.5 ಸಂಗ್ರಾಹಕಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು, ಉಪಕರಣ ತೋರಿಸುವ ಹರಿವು ಮಾನಕ ಮಾಪಕದ ಅಳತೆಗಿಂತ ಶೇ 4ಕ್ಕಿಂತ ಹೆಚ್ಚು ಭಿನ್ನವಾಗಿರಬಾರದು ಎಂಬ ಮಿತಿಯನ್ನು ಇಟ್ಟಿದೆ.

ಎತ್ತರದ ಪ್ರಭಾವವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ ವಾಯುಭಾರ ಶೇ 8ರಷ್ಟು ಕಡಿಮೆಯಿರುತ್ತದೆ. ಸಮುದ್ರಮಟ್ಟದಲ್ಲಿ ಗುರುತು ಹಾಕಿದ ತೇಲುಗುಂಡಿನ ಹರಿವು ಮಾಪಕವನ್ನು ಕೊಪ್ಪ ಅಥವಾ ಶೃಂಗೇರಿಯಲ್ಲಿ ಹಾಗೆಯೇ ಬಳಸಿದರೆ, ತಾಪಮಾನ ಒಂದೇ ಆಗಿದ್ದರೂ 10 ಲೀಟರ್ ಎಂದು ತೋರಿಸುವಾಗ ನಿಜವಾದ ಹರಿವು ಸುಮಾರು 10.4 ಲೀಟರ್ ಆಗಿರುತ್ತದೆ. ಮೇಲೆ ಹೇಳಿದ ಶೇ 4ರ ಮಿತಿಯಷ್ಟೇ ದೊಡ್ಡ ತಪ್ಪು ಇದೊಂದರಿಂದಲೇ ಉಂಟಾಗುತ್ತದೆ. ಆದ್ದರಿಂದ ಸ್ಥಳದ ವಾಯುಭಾರ ಮತ್ತು ತಾಪಮಾನಗಳನ್ನು ದಾಖಲಿಸಿ ಲೆಕ್ಕವನ್ನು ತಿದ್ದಬೇಕು.

### ವೇಗ ಮತ್ತು ಗಡಿಯಾರದ ಪರೀಕ್ಷೆ

ತಿರುಗುವ ಕಡ್ಡಿಗಳ ಸಂಗ್ರಾಹಕದಲ್ಲಿ ಗಾಳಿಯ ಪರಿಮಾಣವು ಕಡ್ಡಿಗಳ ಮುಂಬದಿಯ ವಿಸ್ತೀರ್ಣ, ಒಂದು ಸುತ್ತಿನ ಉದ್ದ ಮತ್ತು ಸುತ್ತುಗಳ ಸಂಖ್ಯೆಗಳ ಗುಣಲಬ್ಧ. ಉದಾಹರಣೆಗೆ, 2 ಮಿ.ಮೀ. ಅಗಲ ಮತ್ತು 30 ಮಿ.ಮೀ. ಉದ್ದದ ಎರಡು ಕಡ್ಡಿಗಳು ಕೇಂದ್ರದಿಂದ 40 ಮಿ.ಮೀ. ದೂರದಲ್ಲಿ ನಿಮಿಷಕ್ಕೆ 2,400 ಬಾರಿ ಸುತ್ತಿದರೆ ನಿಮಿಷಕ್ಕೆ ಸುಮಾರು 72 ಲೀಟರ್ ಗಾಳಿಯನ್ನು ಸವರುತ್ತವೆ. ಬ್ಯಾಟರಿ ಕುಗ್ಗಿ ವೇಗ 2,000ಕ್ಕೆ ಇಳಿದರೆ ಈ ಪ್ರಮಾಣ 60 ಲೀಟರಿಗೆ ಇಳಿಯುತ್ತದೆ. ವೇಗ ತಗ್ಗಿದಂತೆ ಚಿಕ್ಕ ಬೀಜಾಣುಗಳು ಕಡ್ಡಿಗೆ ತಾಗದೆ ಗಾಳಿಯೊಂದಿಗೆ ಪಕ್ಕಕ್ಕೆ ಸರಿದುಹೋಗುವುದೂ ಹೆಚ್ಚುತ್ತದೆ. ಸುತ್ತಳಕದಿಂದ ವೇಗವನ್ನು ಸಂಗ್ರಹದ ಆರಂಭದಲ್ಲೂ ಕೊನೆಯಲ್ಲೂ ನೋಡಬೇಕು.

ಉರುಳೆಯಿರುವ ಸಂಗ್ರಾಹಕದಲ್ಲಿ ಪಟ್ಟಿಯ ಮೇಲೆ ಆರಂಭದ ಗುರುತನ್ನೂ ಏಳು ದಿನಗಳ ನಂತರ ಕೊನೆಯ ಗುರುತನ್ನೂ ಹಾಕಿ, ನಡುವಿನ ಉದ್ದ 336 ಮಿ.ಮೀ. ಇದೆಯೇ ಎಂದು ಅಳೆಯಲಾಗುತ್ತದೆ. ಗಡಿಯಾರ ನಿಧಾನವಾದರೆ ಮಧ್ಯಾಹ್ನದ ಬೀಜಾಣುಗಳು ಬೆಳಗಿನ ಲೆಕ್ಕಕ್ಕೆ ಸೇರುತ್ತವೆ. ಮಳೆಗೂ ಬೀಜಾಣುಗಳ ಬಿಡುಗಡೆಗೂ ಇರುವ ಸಂಬಂಧವನ್ನು ಗುರುತಿಸಲು ಆಗ ಸಾಧ್ಯವಾಗುವುದಿಲ್ಲ.

### ಶೂನ್ಯ ಪರೀಕ್ಷೆ ಮತ್ತು ಖಾಲಿ ಮಾದರಿ

ಪ್ರವೇಶದ್ವಾರಕ್ಕೆ ಅತಿ ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಶೋಧಕವನ್ನು ಜೋಡಿಸಿದಾಗ ನೇರ ಓದುವ ಯಂತ್ರ ಶೂನ್ಯವನ್ನು ಅಥವಾ ಅದರ ಸಮೀಪದ ಅಂಕಿಯನ್ನು ತೋರಿಸಬೇಕು. ಬೀಟಾ ಯಂತ್ರಗಳಲ್ಲಿ ಈ ಪರೀಕ್ಷೆಯನ್ನು ಹಲವು ದಿನಗಳವರೆಗೆ ನಡೆಸಿ, ಶೂನ್ಯದ ಸುತ್ತ ಅಂಕಿ ಎಷ್ಟು ಏರಿಳಿಯುತ್ತದೆ ಎಂದು ನೋಡಲಾಗುತ್ತದೆ.

ತೂಗುವ ವಿಧಾನದಲ್ಲಿ ಶೂನ್ಯ ಪರೀಕ್ಷೆಯ ಸ್ಥಾನವನ್ನು ಖಾಲಿ ಮಾದರಿ ತುಂಬುತ್ತದೆ. ಒಂದು ಶೋಧಕವನ್ನು ಉಳಿದವುಗಳಂತೆಯೇ ತೂಗಿ, ಸ್ಥಳಕ್ಕೆ ಒಯ್ದು, ಗಾಳಿ ಎಳೆಯದೆ ಮರಳಿ ತಂದು ಮತ್ತೆ ತೂಗಲಾಗುತ್ತದೆ. ಅದರ ತೂಕದಲ್ಲಿ ಕಂಡ ವ್ಯತ್ಯಾಸವು ಸಾಗಣೆ, ಕೈಬಳಕೆ ಮತ್ತು ತೇವಾಂಶದಿಂದ ಬಂದುದು. ಗಾಳಿ ಶುದ್ಧವಾಗಿರುವಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಬರುತ್ತದೆ. ಘನ ಮೀಟರಿಗೆ 60 ಮೈಕ್ರೋಗ್ರಾಂ ಪಿಎಂ 2.5 ಇರುವ ಊರಿನಲ್ಲಿ 24 ಗಂಟೆಗಳಲ್ಲಿ ಶೋಧಕದ ಮೇಲೆ 1,440 ಮೈಕ್ರೋಗ್ರಾಂ ಧೂಳು ಸೇರುತ್ತದೆ. 10 ಮೈಕ್ರೋಗ್ರಾಂ ಇರುವಲ್ಲಿ ಸೇರುವುದು 240 ಮೈಕ್ರೋಗ್ರಾಂ ಮಾತ್ರ. ತೂಕದಲ್ಲಿ 20 ಮೈಕ್ರೋಗ್ರಾಂ ತಪ್ಪಾದರೆ ಮೊದಲನೆಯದರಲ್ಲಿ ಶೇ 1.4ರಷ್ಟು, ಎರಡನೆಯದರಲ್ಲಿ ಶೇ 8ಕ್ಕಿಂತ ಹೆಚ್ಚು ದೋಷ ಉಂಟಾಗುತ್ತದೆ.

### ಗೊತ್ತಾದ ಕಣಗಳಿಂದ ಪರೀಕ್ಷೆ

ಎಣಿಸುವ ಯಂತ್ರಗಳನ್ನು ಒಂದೇ ಗಾತ್ರದ ಪಾಲಿಸ್ಟೈರೀನ್ ಗೋಲಿಗಳಿಂದ ಪರೀಕ್ಷಿಸಲಾಗುತ್ತದೆ. ಗೋಲಿಗಳಿರುವ ನೀರನ್ನು ತುಂತುರಾಗಿಸಿ, ಹನಿಗಳನ್ನು ಒಣಗಿಸಿ, ಉಳಿದ ಗೋಲಿಗಳನ್ನು ಪರೀಕ್ಷೆಯ ಯಂತ್ರಕ್ಕೂ ಮಾನಕ ಯಂತ್ರಕ್ಕೂ ಏಕಕಾಲದಲ್ಲಿ ಕಳುಹಿಸಲಾಗುತ್ತದೆ. ಶುದ್ಧ ಕೊಠಡಿಗಳಲ್ಲಿ ಬಳಸುವ ಬೆಳಕಿನ ಎಣಿಕೆ ಯಂತ್ರಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್ಒ 21501-4ರ ಪ್ರಕಾರ, ಯಂತ್ರ ಗುರುತಿಸಬಲ್ಲ ಅತಿ ಚಿಕ್ಕ ಗಾತ್ರದ ಕಣಗಳಲ್ಲಿ ಸುಮಾರು ಅರ್ಧದಷ್ಟು ಎಣಿಕೆಗೆ ಸಿಗಬೇಕು. ಅದಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ದೊಡ್ಡ ಕಣಗಳ ಎಣಿಕೆ ಶೇ 90ರಿಂದ 110ರೊಳಗೆ ಇರಬೇಕು.

ಬೀಜಾಣು ಸಂಗ್ರಾಹಕಗಳಿಗೆ ಗೋಲಿಗಳಿಗಿಂತ ನಿಜವಾದ ಬೀಜಾಣುಗಳೇ ಸೂಕ್ತ. ಹರ್ಸ್ಟ್ ಬಳಸಿದ ಲೈಕೋಪೋಡಿಯಂ ಬೀಜಾಣುಗಳ ಗಾತ್ರ ಸುಮಾರು 30 ಮೈಕ್ರೋಮೀಟರ್. ಕಾಫಿ ತುಕ್ಕಿನ ಬೀಜಾಣುಗಳಿಗೆ ಇದು ಸಮೀಪವಾದುದರಿಂದ ಆ ರೋಗದ ಸಂಗ್ರಾಹಕವನ್ನು ಪರೀಕ್ಷಿಸಲು ಒಗ್ಗುತ್ತದೆ. ರೋಗಕಾರಕ ಬೀಜಾಣುಗಳನ್ನೇ ಪರೀಕ್ಷೆಗಾಗಿ ತೋಟದಲ್ಲಿ ಹರಡುವಂತಿಲ್ಲ.

### ಎಣಿಸುವವರ ಪರೀಕ್ಷೆ

ಬೀಜಾಣು ಸಂಗ್ರಹದಲ್ಲಿ ಕೊನೆಯ ಉಪಕರಣ ಮನುಷ್ಯನ ಕಣ್ಣು. ಪಟ್ಟಿಯ ಸಂಪೂರ್ಣ ವಿಸ್ತೀರ್ಣವನ್ನು ನೋಡುವುದು ಕಷ್ಟವಾದ್ದರಿಂದ ಅದರ ಒಂದು ಭಾಗವನ್ನು ಎಣಿಸಿ ಉಳಿದುದನ್ನು ಲೆಕ್ಕಹಾಕಲಾಗುತ್ತದೆ. ಒಂದೇ ಪಟ್ಟಿಯನ್ನು ಇಬ್ಬರು ಪ್ರತ್ಯೇಕವಾಗಿ ಎಣಿಸುವುದು ಮತ್ತು ಒಬ್ಬರೇ ಕೆಲವು ದಿನಗಳ ನಂತರ ಹಿಂದಿನ ಸಂಖ್ಯೆಯನ್ನು ನೋಡದೆ ಮತ್ತೆ ಎಣಿಸುವುದು ರೂಢಿಯ ಕ್ರಮ. ಎಣಿಸಿದ ಬೀಜಾಣುಗಳ ಸಂಖ್ಯೆ ಕಡಿಮೆಯಾದಷ್ಟೂ ಆಕಸ್ಮಿಕ ವ್ಯತ್ಯಾಸ ದೊಡ್ಡದಾಗುತ್ತದೆ. 100 ಬೀಜಾಣುಗಳ ಎಣಿಕೆಯಲ್ಲಿ ಈ ಅನಿಶ್ಚಿತತೆ ಸುಮಾರು ಶೇ 10, ನಾಲ್ಕೇ ಬೀಜಾಣುಗಳ ಎಣಿಕೆಯಲ್ಲಿ ಸುಮಾರು ಶೇ 50.

### ಅಕ್ಕಪಕ್ಕದಲ್ಲಿಟ್ಟು ಹೋಲಿಕೆ

ಪ್ರಯೋಗಾಲಯದಲ್ಲಿ ಸರಿಯಾಗಿದ್ದ ಉಪಕರಣ ಹೊರಗೆ ಹಾಗೆಯೇ ಇರುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಅದನ್ನು ಮಾನಕ ಉಪಕರಣದ ಪಕ್ಕದಲ್ಲಿ ಹಲವು ವಾರ ಇಟ್ಟು ಎರಡರ ಅಂಕಿಗಳನ್ನು ಹೋಲಿಸಲಾಗುತ್ತದೆ. ಎರಡರ ಏರಿಳಿತಗಳು ಒಟ್ಟಿಗೆ ಸಾಗುವುದಷ್ಟೇ ಸಾಲದು. ಪ್ರತಿ ದಿನವೂ ನಿಜವಾದ ಪ್ರಮಾಣದ ಅರ್ಧವನ್ನೇ ತೋರಿಸುವ ಯಂತ್ರದ ಏರಿಳಿತ ಮಾನಕದೊಂದಿಗೆ ಸಂಪೂರ್ಣವಾಗಿ ಹೊಂದಬಹುದು. ಹೀಗಾಗಿ ಏರಿಳಿತದ ಹೊಂದಾಣಿಕೆಯ ಜೊತೆಗೆ ಅನುಪಾತವನ್ನೂ ಶೂನ್ಯದಿಂದ ಇರುವ ಸರಿತವನ್ನೂ ನೋಡಬೇಕು. ಹೋಲಿಕೆಯು ಮಳೆಗಾಲ ಮತ್ತು ಬೇಸಿಗೆ ಎರಡನ್ನೂ ಒಳಗೊಂಡಿರಬೇಕು.

## ತೇವಾಂಶ ಮತ್ತು ಮಳೆಯಿಂದಾಗುವ ದೋಷಗಳು

ಗಾಳಿಯಲ್ಲಿನ ಲವಣಕಣಗಳು ತೇವಾಂಶವನ್ನು ಹೀರಿ ಹಿಗ್ಗುತ್ತವೆ. ಅಮೋನಿಯಂ ಸಲ್ಫೇಟ್ ಕಣವು ಶೇ 80ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ ಕರಗಿ ಹನಿಯಾಗುತ್ತದೆ. ಬೆಳಕಿನ ಚದುರುವಿಕೆಯನ್ನು ಅವಲಂಬಿಸಿದ ಅಗ್ಗದ ಸಂವೇದಕವು ಈ ಹನಿಯನ್ನು ದೊಡ್ಡ ಧೂಳಿನ ಕಣವೆಂದು ಎಣಿಸುತ್ತದೆ. ಮಂಜಿನ ಹನಿಗಳನ್ನೂ ಅದು ಧೂಳೆಂದೇ ಪರಿಗಣಿಸುತ್ತದೆ. ಚಳಿಗಾಲದ ಬೆಳಗಿನ ಜಾವ ತುಂಗಾ ಕಣಿವೆಯಲ್ಲಿ ಮಂಜು ಕವಿದಾಗ, ಯಾವ ಒಲೆಯೂ ಉರಿಯದಿದ್ದರೂ ಇಂತಹ ಸಂವೇದಕ ಮಾಲಿನ್ಯ ಏರಿದಂತೆ ತೋರಿಸಬಲ್ಲದು. ಬೀಟಾ ಯಂತ್ರಗಳಲ್ಲಿ ಒಳಬರುವ ಗಾಳಿಯನ್ನು ಬಿಸಿಮಾಡಿ ಆರ್ದ್ರತೆಯನ್ನು ತಗ್ಗಿಸಲಾಗುತ್ತದೆ. ಹೀಟರ್ ಕೆಟ್ಟಿದ್ದರೆ ಯಂತ್ರವು ನೀರನ್ನೂ ಸೇರಿಸಿ ತೂಗುತ್ತದೆ. ಅತಿಯಾಗಿ ಬಿಸಿಮಾಡಿದರೆ ಹೊಗೆಯಲ್ಲಿನ ಆವಿಯಾಗುವ ಅಂಶಗಳು ನಷ್ಟವಾಗುತ್ತವೆ.

ಶೋಧಕಗಳನ್ನು ತೂಗುವ ಮೊದಲು ನಿಯಂತ್ರಿತ ತಾಪಮಾನ ಮತ್ತು ಆರ್ದ್ರತೆಯ ಕೊಠಡಿಯಲ್ಲಿ 24 ಗಂಟೆ ಇಡುವ ನಿಯಮ ತೇವಾಂಶದ ದೋಷವನ್ನು ನಿವಾರಿಸಲೆಂದೇ ಇದೆ. ಪಿಎಂ 2.5 ಶೋಧಕಗಳಿಗೆ ಸಾಮಾನ್ಯವಾಗಿ 20ರಿಂದ 23 ಡಿಗ್ರಿ ಸೆಲ್ಸಿಯಸ್ ತಾಪಮಾನ ಮತ್ತು ಶೇ 30ರಿಂದ 40ರ ಆರ್ದ್ರತೆಯನ್ನು ನಿಗದಿಪಡಿಸಲಾಗಿದೆ.

ಬೀಜಾಣು ಸಂಗ್ರಾಹಕಗಳಿಗೆ ಮಳೆಗಾಲದಲ್ಲಿ ಬೇರೆ ತೊಂದರೆಗಳಿವೆ. ಇರುಚಲಿನಿಂದ ಸೀಳಿನೊಳಗೆ ನೀರು ಸೇರಿ ಪಟ್ಟಿಯ ಅಂಟನ್ನು ಕೆಡಿಸುತ್ತದೆ. ಒದ್ದೆಯಾದ ಪಟ್ಟಿಯ ಮೇಲೆ ಶಿಲೀಂಧ್ರವು ಬೆಳೆದು ಹೊಸ ಬೀಜಾಣುಗಳನ್ನು ಬಿಟ್ಟರೆ, ಗಾಳಿಯಲ್ಲಿ ಇರದಿದ್ದವು ಎಣಿಕೆಗೆ ಸೇರುತ್ತವೆ. ಜೇಡರ ಬಲೆ ಮತ್ತು ಸಣ್ಣ ಕೀಟಗಳು 2 ಮಿ.ಮೀ. ಸೀಳನ್ನು ಸುಲಭವಾಗಿ ಮುಚ್ಚುತ್ತವೆ. ಮರ ಬಿದ್ದು ವಿದ್ಯುತ್ ಕಡಿತವಾದಾಗ ಪಂಪು ನಿಂತರೂ ಕೀಲಿ ಕೊಟ್ಟ ಗಡಿಯಾರದ ಉರುಳೆ ಸುತ್ತುತ್ತಲೇ ಇರುತ್ತದೆ. ಆ ಅವಧಿಯ ಪಟ್ಟಿ ಖಾಲಿಯಾಗಿರುವುದರಿಂದ, ರೋಗಕ್ಕೆ ಅನುಕೂಲವಾದ ಬಿರುಮಳೆಯ ದಿನವೇ ಬೀಜಾಣುಗಳಿಲ್ಲದ ದಿನವಾಗಿ ದಾಖಲಾಗುವ ಅಪಾಯವಿದೆ. ಪಂಪು ನಡೆದ ಒಟ್ಟು ಅವಧಿಯನ್ನು ತೋರಿಸುವ ಮಾಪಕವಿದ್ದರೆ ಶೂನ್ಯ ಎಣಿಕೆಗೂ ಮಾಹಿತಿಯೇ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

## ಸ್ಥಾಪನೆಯ ಸ್ಥಳ

ಉಪಕರಣ ನಿರ್ದೋಷವಾಗಿದ್ದರೂ ತಪ್ಪು ಸ್ಥಳದಲ್ಲಿದ್ದರೆ ಅದರ ಅಂಕಿ ಪ್ರಶ್ನೆಗೆ ಉತ್ತರವಾಗದು. ನೆರಳುಮರಗಳ ಕೆಳಗಿನ ಕಾಫಿ ಗಿಡಗಳ ಮಟ್ಟದಲ್ಲಿ ಗಾಳಿ ನಿಧಾನವಾಗಿ ಚಲಿಸುತ್ತದೆ. ಕಟ್ಟಡದ ಮೇಲಿಟ್ಟ ಸಂಗ್ರಾಹಕ ಇಡೀ ಪ್ರದೇಶದ ಗಾಳಿಯನ್ನು ಪ್ರತಿನಿಧಿಸಬಹುದು, ತೋಟದೊಳಗಿನ ಗಾಳಿಯನ್ನಲ್ಲ. ಅಡಿಕೆಯ ಗೊನೆಗಳು ನೆಲದಿಂದ ಬಹಳ ಎತ್ತರದಲ್ಲಿರುವುದರಿಂದ ನೆಲಮಟ್ಟದ ಸಂಗ್ರಾಹಕದ ಎಣಿಕೆಯಿಂದ ಗೊನೆಯ ಬಳಿಯ ಸ್ಥಿತಿಯನ್ನು ನೇರವಾಗಿ ಊಹಿಸಲಾಗದು. ಹೊಗೆ ಅಳೆಯುವ ಯಂತ್ರವನ್ನು ಒಲೆಯ ಪಕ್ಕದಲ್ಲಿ, ಮರದ ಮರೆಯಲ್ಲಿ ಅಥವಾ ತೇವವಾದ ಗೋಡೆಗೆ ತಾಗಿಸಿ ಇಡಬಾರದು.

## ಭಾರತದಲ್ಲಿನ ಮಾನಕಗಳು ಮತ್ತು ಸಂಸ್ಥೆಗಳು

ಭಾರತದ ರಾಷ್ಟ್ರೀಯ ವಾಯು ಗುಣಮಟ್ಟ ಮಾನಕಗಳನ್ನು 2009ರ ನವೆಂಬರ್‌ನಲ್ಲಿ ಅಧಿಸೂಚಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯನ್ನು 2021ರಲ್ಲಿ ಪರಿಷ್ಕರಿಸಿತು.

| ಕಣಗಳು | ಅವಧಿ | ಭಾರತದ ಮಾನಕ (ಮೈಕ್ರೋಗ್ರಾಂ/ಘನ ಮೀಟರ್) | ವಿಶ್ವ ಆರೋಗ್ಯ ಸಂಸ್ಥೆ (ಮೈಕ್ರೋಗ್ರಾಂ/ಘನ ಮೀಟರ್) |
|---|---|---|---|
| ಪಿಎಂ 2.5 | ವಾರ್ಷಿಕ ಸರಾಸರಿ | 40 | 5 |
| ಪಿಎಂ 2.5 | 24 ಗಂಟೆ | 60 | 15 |
| ಪಿಎಂ 10 | ವಾರ್ಷಿಕ ಸರಾಸರಿ | 60 | 15 |
| ಪಿಎಂ 10 | 24 ಗಂಟೆ | 100 | 45 |

ಭಾರತದ ವಾರ್ಷಿಕ ಸರಾಸರಿಗೆ ವಾರಕ್ಕೆ ಎರಡು ಬಾರಿಯಂತೆ ಕನಿಷ್ಠ 104 ಅಳತೆಗಳು ಬೇಕು. ವಾಯುಮಾಲಿನ್ಯ ಅಳೆಯುವ ವಿಧಾನಗಳನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 5182 ಸರಣಿ ನಿಗದಿಪಡಿಸುತ್ತದೆ. ರಾಜ್ಯದಲ್ಲಿ ಗಾಳಿಯ ಗುಣಮಟ್ಟದ ನಿಗಾ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ. ವಾಯುಮಾಲಿನ್ಯ ಮಾಪನ ಉಪಕರಣಗಳನ್ನು ಪರಿಶೀಲಿಸಿ ಪ್ರಮಾಣೀಕರಿಸುವ ಹೊಣೆಯನ್ನು ಕೇಂದ್ರ ಪರಿಸರ ಸಚಿವಾಲಯವು 2019ರಲ್ಲಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ವಹಿಸಿತು.

ಬೆಳೆ ರೋಗಗಳ ಬೀಜಾಣು ಸಂಗ್ರಾಹಕಗಳು ಈ ಮಾನಕಗಳ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಪರೀಕ್ಷೆ ಸಂಶೋಧನಾ ಕೇಂದ್ರಗಳು ತಾವೇ ಪಾಲಿಸುವ ಕ್ರಮವನ್ನು ಅವಲಂಬಿಸಿದೆ.

## ಮಹತ್ವ

ಕೊಳೆರೋಗಕ್ಕೆ ಮುಂಗಾರಿನ ಆರಂಭದಲ್ಲಿ ಶೇ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಿ, ಸುಮಾರು 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುವುದು ರೂಢಿ. 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ ಮತ್ತು ಒಂದು ಕಿಲೋಗ್ರಾಂ ಸುಣ್ಣ ಬೇಕಾಗುತ್ತದೆ. ಗೊನೆಗಳಿಗೆ ಕೊಟ್ಟೆ ಕಟ್ಟುವುದು ಇದಕ್ಕಿಂತ ಹಳೆಯ ಪದ್ಧತಿ. ಸಿಂಪಡಣೆಗೆ ಮಳೆ ಬಿಡುವು ಕೊಟ್ಟ ಕೆಲವೇ ಗಂಟೆಗಳು ಸಿಗುತ್ತವೆ. ಜಾರುವ ಮರವನ್ನು ಹತ್ತಬಲ್ಲ ಕೊನೆಗಾರರೂ ಆ ಹೊತ್ತಿಗೆ ದೊರೆಯಬೇಕು.

ಬೀಜಾಣುಗಳ ಎಣಿಕೆ ಮತ್ತು ಹವಾಮಾನವನ್ನು ಆಧರಿಸಿ ಸಿಂಪಡಣೆಯ ಸಮಯವನ್ನು ಸೂಚಿಸುವ ವ್ಯವಸ್ಥೆಯಲ್ಲಿ ಉಪಕರಣದ ದೋಷವು ಬೆಳೆಗಾರರಿಗೆ ನೇರವಾಗಿ ತಟ್ಟುತ್ತದೆ. ಎಣಿಕೆ ನಿಜಕ್ಕಿಂತ ಕಡಿಮೆಯಾದರೆ ಸಿಂಪಡಣೆ ತಡವಾಗಿ ಫಸಲು ಉದುರುತ್ತದೆ. ಹೆಚ್ಚಾದರೆ ಅನಗತ್ಯ ಖರ್ಚಾಗಿ, ತಾಮ್ರವು ಮಣ್ಣಿನಲ್ಲಿ ಸಂಚಯವಾಗುತ್ತದೆ. ಹೊಗೆ ಮತ್ತು ಧೂಳಿನ ಅಳತೆಗಳಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಸೋರುವ ಸಂಗ್ರಾಹಕವು ಕ್ವಾರಿಯ ಪಕ್ಕದ ಗಾಳಿಯನ್ನು ಶುದ್ಧವೆಂದು ತೋರಿಸಬಲ್ಲದು, ಮಂಜಿನಲ್ಲಿಟ್ಟ ಸಂವೇದಕವು ಕಾಡಿನಂಚಿನ ಶುದ್ಧ ಗಾಳಿಯನ್ನು ಮಲಿನವೆಂದು ತೋರಿಸಬಲ್ಲದು.

## ಮಿತಿಗಳು

ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಸಂಗ್ರಾಹಕವೂ ಕೆಲವು ಪ್ರಶ್ನೆಗಳಿಗೆ ಉತ್ತರಿಸಲಾರದು. ಸೂಕ್ಷ್ಮದರ್ಶಕದಲ್ಲಿ ಕಂಡ ಬೀಜಾಣು ಜೀವಂತವಾಗಿತ್ತೇ, ಮೊಳೆಯಬಲ್ಲದೇ ಎಂಬುದು ಎಣಿಕೆಯಿಂದ ತಿಳಿಯುವುದಿಲ್ಲ. ಹೋಲುವ ಆಕಾರದ ಶಿಲೀಂಧ್ರಗಳನ್ನು ಬೇರ್ಪಡಿಸಲು ಡಿಎನ್ಎ ಆಧಾರಿತ ವಿಧಾನಗಳು ನೆರವಾಗುತ್ತವೆ. ಆದರೆ ಸತ್ತ ಬೀಜಾಣುವಿನ ಡಿಎನ್ಎ ಕೂಡ ಅವುಗಳಲ್ಲಿ ಪತ್ತೆಯಾಗುತ್ತದೆ. ಗಾಳಿಯಲ್ಲಿ ಬೀಜಾಣುಗಳಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಎಲೆ ಅಥವಾ ಕಾಯಿಯ ಮೇಲೆ ಸಾಕಷ್ಟು ಹೊತ್ತು ನೀರು ನಿಲ್ಲಬೇಕು, ತಾಪಮಾನ ಅನುಕೂಲವಾಗಿರಬೇಕು, ತಳಿಯೂ ರೋಗಕ್ಕೆ ತುತ್ತಾಗುವಂಥದಾಗಿರಬೇಕು.

ಪರೀಕ್ಷೆಯ ಫಲಿತಾಂಶ ಪರೀಕ್ಷಿಸಿದ ದಿನಕ್ಕಷ್ಟೇ ಸಂಬಂಧಿಸಿದುದು. ಎರಡು ಪರೀಕ್ಷೆಗಳ ನಡುವೆ ಹರಿವು ಬದಲಾಗಿದ್ದರೆ ಆ ಅವಧಿಯ ಯಾವ ದಿನದಿಂದ ಅಂಕಿಗಳು ತಪ್ಪಿದವು ಎಂದು ಹೇಳಲು ಬರುವುದಿಲ್ಲ. ಈ ಕಾರಣದಿಂದ ಪಟ್ಟಿ ಅಥವಾ ಶೋಧಕವನ್ನು ಬದಲಿಸುವಾಗಲೆಲ್ಲ ಹರಿವನ್ನು ಅಳೆದು, ದಿನಾಂಕ, ವಾಯುಭಾರ, ತಾಪಮಾನ ಮತ್ತು ಮಾಪಕದ ಕ್ರಮಸಂಖ್ಯೆಯೊಂದಿಗೆ ದಾಖಲೆ ಪುಸ್ತಕದಲ್ಲಿ ಬರೆಯಲಾಗುತ್ತದೆ.

## ಇವನ್ನೂ ನೋಡಿ

* ಕೊಳೆರೋಗ
* ಕಾಫಿ ಎಲೆ ತುಕ್ಕು ರೋಗ
* ಬೋರ್ಡೋ ದ್ರಾವಣ
* ವಾಯುಮಾಲಿನ್ಯ
* ಕೊಪ್ಪ
* ಶೃಂಗೇರಿ
* ನರಸಿಂಹರಾಜಪುರ